ಸಾಫ್ಟ್‌ವೇರ್ ಕಂಪನಿಯ ಸೇಲ್ಸ್ ಸಂದರ್ಶನ: ಒಂದೊಂದು ಸುತ್ತಿನಲ್ಲಿ ಅಳೆಯುವುದು ಏನನ್ನು?

ದೊಡ್ಡ ಸಾಫ್ಟ್‌ವೇರ್ ಕಂಪನಿಯ ಸೇಲ್ಸ್ ಹುದ್ದೆಗೆ ಸಂದರ್ಶನ ಕೊಟ್ಟು ಬಂದ ಕಲಬುರಗಿ, ಬೀದರ್, ಯಾದಗಿರಿ ಭಾಗದ ಯುವಕ ಯುವತಿಯರು ಸಾಮಾನ್ಯವಾಗಿ ಮೊದಲು ಹೇಳುವ ಮಾತು, ‘ಸಾಫ್ಟ್‌ವೇರ್ ಬಗ್ಗೆ ಏನೂ ಕೇಳಲೇ ಇಲ್ಲ’ ಎಂಬುದು. ಕ್ಲೌಡ್ ಎಂದರೇನು, ಡೇಟಾಬೇಸ್ ಎಂದರೇನು ಎಂದು ವಾರಗಟ್ಟಲೆ ಓದಿಕೊಂಡು ಹೋದವರಿಗೆ ಅಲ್ಲಿ ಎದುರಾಗುವುದು ಬೇರೆಯೇ ಪ್ರಶ್ನೆಗಳು: ಕಳೆದ ವರ್ಷ ನಿಮ್ಮ ಟಾರ್ಗೆಟ್ ಎಷ್ಟಿತ್ತು, ಎಷ್ಟು ಮುಟ್ಟಿದಿರಿ, ಕೈತಪ್ಪಿದ ಒಂದು ವ್ಯವಹಾರದ ಬಗ್ಗೆ ಹೇಳಿ, ನಾನು ಗ್ರಾಹಕ ಎಂದುಕೊಂಡು ಈಗ ನನ್ನೊಡನೆ ಮಾತಾಡಿ. ನಾಲ್ಕೈದು ಸುತ್ತುಗಳ ನಂತರ ಕಂಪನಿಯಿಂದ ಉತ್ತರವೇ ಬಾರದಿದ್ದಾಗ, ತಮ್ಮ ಇಂಗ್ಲಿಷ್ ಸಾಲಲಿಲ್ಲ, ತಮ್ಮ ಊರಿನ ಹೆಸರು ಕೇಳಿಯೇ ಬಿಟ್ಟರು ಎಂದು ಅವರು ತೀರ್ಮಾನಿಸಿಬಿಡುತ್ತಾರೆ. ಈ ತೀರ್ಮಾನ ಬಹಳ ಸಲ ತಪ್ಪಾಗಿರುತ್ತದೆ. ಈ ಸಂದರ್ಶನಗಳಲ್ಲಿ ಮುಖ್ಯವಾಗಿ ಪರೀಕ್ಷೆಯಾಗುವುದು ಮಾತುಗಾರಿಕೆಯಲ್ಲ. ಎದುರಿನವರ ಮಾತನ್ನು ಅಭ್ಯರ್ಥಿ ಎಷ್ಟು ಕಿವಿಗೊಟ್ಟು ಕೇಳುತ್ತಾನೆ ಮತ್ತು ತನ್ನ ಕೆಲಸವನ್ನು ಎಷ್ಟು ಖಚಿತವಾಗಿ ಲೆಕ್ಕದಲ್ಲಿ ಹೇಳುತ್ತಾನೆ ಎಂಬ ಎರಡು ಸಂಗತಿಗಳು. ಇವೆರಡೂ ನಮ್ಮ ಭಾಗದ ವ್ಯಾಪಾರದ ಮನೆಗಳಲ್ಲಿ ಬೆಳೆದವರಿಗೆ ಹೊಸವೇನಲ್ಲ.

ಮೊದಲು, ಸೇಲ್ಸ್ ಎಂಬ ಒಂದೇ ಹೆಸರಿನಡಿ ಎಷ್ಟು ಬೇರೆ ಬೇರೆ ಕೆಲಸಗಳಿವೆ ಎಂಬುದನ್ನು ತಿಳಿದುಕೊಳ್ಳಬೇಕು. ಹೊಸ ಗ್ರಾಹಕರನ್ನು ಹುಡುಕಿ, ಫೋನ್ ಮತ್ತು ಇಮೇಲ್ ಮೂಲಕ ಸಂಪರ್ಕಿಸಿ, ಹಿರಿಯ ಮಾರಾಟಗಾರರ ಜೊತೆ ಭೇಟಿ ಗೊತ್ತುಮಾಡಿಕೊಡುವವರು ಸೇಲ್ಸ್ ಡೆವಲಪ್‌ಮೆಂಟ್ ರೆಪ್ರೆಸೆಂಟೇಟಿವ್‌ಗಳು; ಹೊಸಬರಿಗೆ ಹೆಚ್ಚಾಗಿ ತೆರೆಯುವ ಬಾಗಿಲು ಇದೇ. ಮಾತುಕತೆ ನಡೆಸಿ ಒಪ್ಪಂದಕ್ಕೆ ಸಹಿ ಹಾಕಿಸುವವರು ಅಕೌಂಟ್ ಎಕ್ಸಿಕ್ಯೂಟಿವ್‌ಗಳು. ಗ್ರಾಹಕರ ತಾಂತ್ರಿಕ ಪ್ರಶ್ನೆಗಳಿಗೆ ಉತ್ತರಿಸಿ ಡೆಮೊ ತೋರಿಸುವ ಪ್ರೀಸೇಲ್ಸ್ ಎಂಜಿನಿಯರ್‌ಗಳಿಗೆ ಮಾತ್ರ ಸಾಫ್ಟ್‌ವೇರ್ ಜ್ಞಾನ ಆಳವಾಗಿ ಬೇಕು. ಕೊಂಡ ಗ್ರಾಹಕರು ಸಬ್‌ಸ್ಕ್ರಿಪ್ಷನ್ ಬಿಡದಂತೆ ನೋಡಿಕೊಳ್ಳುವವರು ಇನ್ನೊಂದು ತಂಡ, ಡೀಲರ್‌ಗಳ ಮೂಲಕ ಮಾರಿಸುವವರು ಮತ್ತೊಂದು ತಂಡ. 1986ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಟ್ಯಾಲಿ ಸೊಲ್ಯೂಷನ್ಸ್‌ನ ಲೆಕ್ಕಪತ್ರದ ಸಾಫ್ಟ್‌ವೇರ್ ಸಣ್ಣ ಪಟ್ಟಣಗಳ ಅಂಗಡಿಗಳನ್ನು ತಲುಪಿದ್ದು ಇಂತಹ ಪಾಲುದಾರರ ಜಾಲದಿಂದಲೇ ಆದ್ದರಿಂದ, ಈ ಕೊನೆಯ ಬಗೆಯ ಮಾರಾಟವನ್ನು ನಮ್ಮವರು ಹತ್ತಿರದಿಂದ ನೋಡಿದ್ದಾರೆ. ಅರ್ಜಿ ಹಾಕುವಾಗ ತಾನು ಹೋಗುತ್ತಿರುವುದು ಯಾವ ಕೆಲಸಕ್ಕೆ ಎಂಬುದನ್ನೇ ಸರಿಯಾಗಿ ತಿಳಿಯದೆ ಮೂರನೆಯ ಸುತ್ತಿನವರೆಗೆ ಹೋದ ಅಭ್ಯರ್ಥಿಗಳು ಕಡಿಮೆಯೇನಿಲ್ಲ.

ಮೊದಲ ಕರೆ ಬರುವುದು ಕಂಪನಿಯ ರಿಕ್ರೂಟರ್‌ನಿಂದ. ಇಪ್ಪತ್ತು ಮೂವತ್ತು ನಿಮಿಷಗಳ ಈ ಮಾತುಕತೆಯಲ್ಲಿ ಈಗಿನ ಸಂಬಳ, ನಿರೀಕ್ಷೆ, ನೋಟಿಸ್ ಪೀರಿಯಡ್, ಬೆಂಗಳೂರಿಗೋ ಹೈದರಾಬಾದಿಗೋ ಹೋಗಿ ನೆಲೆಸಲು ಸಿದ್ಧರೇ ಎಂಬ ವಿವರಗಳನ್ನು ಕೇಳುತ್ತಾರೆ. ಇಲ್ಲಿ ಅಭ್ಯರ್ಥಿಯ ಪ್ರತಿಭೆ ತೂಗುವುದಿಲ್ಲ, ಅರ್ಜಿಗೂ ಹುದ್ದೆಗೂ ಹೊಂದಿಕೆ ಇದೆಯೇ ಎಂದು ನೋಡುತ್ತಾರೆ, ಅಷ್ಟೇ. ಆದರೆ ಅಭ್ಯರ್ಥಿ ಮರಳಿ ಪ್ರಶ್ನೆ ಕೇಳಲು ಇದಕ್ಕಿಂತ ಒಳ್ಳೆಯ ಸಮಯ ಇನ್ನೊಂದಿಲ್ಲ. ಹುದ್ದೆ ಹೊಸದೋ, ಯಾರೋ ಬಿಟ್ಟುಹೋದ ಜಾಗವೋ? ಯಾವ ಪ್ರದೇಶದ, ಯಾವ ಗಾತ್ರದ ಗ್ರಾಹಕರನ್ನು ನೋಡಿಕೊಳ್ಳಬೇಕು? ಒಟ್ಟು ಎಷ್ಟು ಸುತ್ತುಗಳಿವೆ, ಯಾವ ಸುತ್ತಿನಲ್ಲಿ ಯಾರು ಇರುತ್ತಾರೆ? ಈ ಪ್ರಶ್ನೆಗಳನ್ನು ಕೇಳಿದರೆ ಉದ್ಧಟತನವಾದೀತು ಎಂಬ ಸಂಕೋಚ ನಮ್ಮ ಕಡೆಯವರಲ್ಲಿ ಹೆಚ್ಚು. ಸೇಲ್ಸ್ ಹುದ್ದೆಯ ಮಟ್ಟಿಗೆ ಈ ಸಂಕೋಚವೇ ಅಭ್ಯರ್ಥಿಗೆ ವಿರುದ್ಧವಾದ ಅಂಕವಾಗುತ್ತದೆ, ಏಕೆಂದರೆ ಗ್ರಾಹಕನನ್ನು ಪ್ರಶ್ನಿಸುವುದೇ ಅವನ ಮುಂದಿನ ಕೆಲಸ.

ಎರಡನೆಯದು ಮ್ಯಾನೇಜರ್ ಸುತ್ತು. ಯಾರ ತಂಡಕ್ಕೆ ಸೇರಬೇಕೋ ಅವರೇ ಕೂರುವ ಈ ಸುತ್ತಿನಲ್ಲಿ ಮಾತು ಬಹುಬೇಗ ಅಂಕಿಗಳಿಗೆ ಬರುತ್ತದೆ. ಮ್ಯಾನೇಜರ್ ತಾನೂ ಒಂದು ಟಾರ್ಗೆಟ್ ಹೊತ್ತಿರುತ್ತಾನೆ. ತಂಡದ ಒಬ್ಬೊಬ್ಬರ ಟಾರ್ಗೆಟ್ ಕೂಡಿಯೇ ಅವನ ಟಾರ್ಗೆಟ್ ಆಗುತ್ತದೆ. ಆದ್ದರಿಂದ ಅವನ ಮನಸ್ಸಿನಲ್ಲಿರುವ ಪ್ರಶ್ನೆ ಒಂದೇ: ಈ ವ್ಯಕ್ತಿಯನ್ನು ತೆಗೆದುಕೊಂಡರೆ ನನ್ನ ಲೆಕ್ಕ ಕೂಡುತ್ತದೆಯೇ? ಈ ಲೆಕ್ಕದ ರೀತಿಯನ್ನು ಊಹೆಯ ಅಂಕಿಗಳಲ್ಲಿ ನೋಡೋಣ. ಒಬ್ಬ ಮಾರಾಟಗಾರನ ವರ್ಷದ ಟಾರ್ಗೆಟ್ 1.2 ಕೋಟಿ ರೂಪಾಯಿ, ಒಂದು ವ್ಯವಹಾರದ ಸರಾಸರಿ ಮೊತ್ತ 6 ಲಕ್ಷ ಎಂದುಕೊಂಡರೆ ವರ್ಷಕ್ಕೆ 20 ವ್ಯವಹಾರಗಳು ಮುಗಿಯಬೇಕು. ನಾಲ್ಕರಲ್ಲಿ ಒಂದು ಕೈಗೂಡುತ್ತದೆ ಎಂದಾದರೆ 80 ನಿಜವಾದ ಅವಕಾಶಗಳು ಬೇಕು, ಅಂದರೆ ತಿಂಗಳಿಗೆ ಸುಮಾರು 7. ಹತ್ತು ಮಾತುಕತೆಗಳಲ್ಲಿ ಒಂದು ಅವಕಾಶ ಹುಟ್ಟುತ್ತದೆ ಎಂದಾದರೆ ತಿಂಗಳಿಗೆ 70 ಮಾತುಕತೆಗಳು, ಕೆಲಸದ ದಿನಕ್ಕೆ ಮೂರು. ಹೀಗೆ ಟಾರ್ಗೆಟ್‌ನಿಂದ ದಿನದ ಕೆಲಸದವರೆಗೆ ಹಿಂದಕ್ಕೆ ಲೆಕ್ಕ ಹಾಕಿ ಬರುವ ಅಭ್ಯರ್ಥಿಗೆ, ‘ನಾನು ಬಹಳ ಕಷ್ಟಪಟ್ಟು ದುಡಿಯುವವನು’ ಎಂದು ಹೇಳಿಕೊಳ್ಳಬೇಕಾದ ಅಗತ್ಯವೇ ಇರುವುದಿಲ್ಲ.

ನಮ್ಮ ಜಿಲ್ಲೆಗಳಿಂದ ಈ ಹುದ್ದೆಗಳಿಗೆ ಹೋಗುವವರಲ್ಲಿ ಮೆಡಿಕಲ್ ರೆಪ್ ಆಗಿ ಓಡಾಡಿದವರು, ಬ್ಯಾಂಕಿನ ಸಾಲದ ಫೈಲು ಮಾಡಿಸಿದವರು, ಬೀಜ ಗೊಬ್ಬರದ ಕಂಪನಿಯಲ್ಲಿ ಡೀಲರ್‌ಗಳನ್ನು ನೋಡಿಕೊಂಡವರು, ಟ್ರ್ಯಾಕ್ಟರ್ ಶೋರೂಮಿನಲ್ಲಿ ನಿಂತವರು ಇದ್ದಾರೆ. ‘ನನಗೆ ಸಾಫ್ಟ್‌ವೇರ್ ಮಾರಿದ ಅನುಭವವಿಲ್ಲ’ ಎಂದು ಕ್ಷಮೆ ಕೇಳುವ ಧ್ವನಿಯಲ್ಲಿ ಅವರು ಮಾತು ಆರಂಭಿಸುತ್ತಾರೆ. ನನ್ನ ದೃಷ್ಟಿಯಲ್ಲಿ ಇದು ತಮ್ಮ ಕೈಯಲ್ಲಿರುವುದನ್ನು ತಾವೇ ಚೆಲ್ಲಿಕೊಂಡಂತೆ. ಸುರಪುರ, ಶಹಾಪುರದ ಡೀಲರ್‌ಗಳಿಂದ ಬಾಕಿ ವಸೂಲಿ ಮಾಡಿಕೊಂಡು, ಅದೇ ಸಲಕ್ಕೆ ಮುಂದಿನ ಹಂಗಾಮಿನ ಮಾಲಿಗೂ ಆರ್ಡರ್ ಬರೆಸಿಕೊಂಡು ಬರುವ ಮನುಷ್ಯನಿಗೆ ಸಂಬಂಧ ಕಾಯ್ದುಕೊಂಡು ವ್ಯವಹಾರ ಮಾಡುವುದು ಗೊತ್ತಿದೆ. ಕೊರತೆ ಇರುವುದು ಅದನ್ನು ಹೇಳುವ ರೀತಿಯಲ್ಲಿ. ಎಷ್ಟು ಡೀಲರ್‌ಗಳಿದ್ದರು, ಬಂದಾಗ ಮಾರಾಟ ಎಷ್ಟಿತ್ತು, ಬಿಡುವಾಗ ಎಷ್ಟಾಗಿತ್ತು, ತಂಡದಲ್ಲಿ ತನ್ನ ಸ್ಥಾನ ಎಷ್ಟನೆಯದು, ಹೊಸದಾಗಿ ತಂದ ಗ್ರಾಹಕರು ಎಷ್ಟು ಎಂಬುದನ್ನು ಕಾಗದದ ಮೇಲೆ ಬರೆದು, ನಿಜವಾದ ಅಂಕಿಗಳನ್ನಷ್ಟೇ ಹೇಳಬೇಕು. ಅಂಕಿ ಹಿಗ್ಗಿಸಿ ಹೇಳಿದವರು ಸಿಕ್ಕಿಬೀಳುವುದು ಮೂರನೆಯ ಪ್ರಶ್ನೆಯಲ್ಲಿ, ಏಕೆಂದರೆ ಅನುಭವಿ ಮ್ಯಾನೇಜರ್ ಒಂದು ಅಂಕಿಯ ಹಿಂದಿನ ಅಂಕಿಯನ್ನು ಕೇಳುತ್ತಾನೆ.

ಇದೇ ಸುತ್ತಿನಲ್ಲಿ ಅನುಭವದ ಪ್ರಶ್ನೆಗಳೂ ಬರುತ್ತವೆ. ಸಂದರ್ಭ ಏನಿತ್ತು, ನಿಮ್ಮ ಹೊಣೆ ಏನಾಗಿತ್ತು, ನೀವು ಏನು ಮಾಡಿದಿರಿ, ಫಲ ಏನಾಯಿತು ಎಂಬ ನಾಲ್ಕು ಹೆಜ್ಜೆಗಳಲ್ಲಿ ಉತ್ತರವನ್ನು ಅವರು ನಿರೀಕ್ಷಿಸುತ್ತಾರೆ. ಸ್ಟಾರ್ ವಿಧಾನ ಎಂದು ಕರೆಯುವುದು ಇದನ್ನೇ. ನಮ್ಮ ಅಭ್ಯರ್ಥಿಗಳು ಸಂದರ್ಭವನ್ನು ವಿಸ್ತಾರವಾಗಿ ಹೇಳಿ, ‘ನಾವು’ ಎಂಬ ಬಹುವಚನದಲ್ಲಿ ತಮ್ಮ ಪಾಲನ್ನು ಮುಚ್ಚಿ, ಫಲವನ್ನು ಒಂದು ವಾಕ್ಯದಲ್ಲಿ ಮುಗಿಸಿಬಿಡುತ್ತಾರೆ. ವಿನಯದಿಂದ ಬಂದ ಈ ‘ನಾವು’ ಒಳ್ಳೆಯ ಗುಣವೇ ಹೌದು, ಆದರೆ ಕೇಳುವವನಿಗೆ ಬೇಕಾಗಿರುವುದು ಆ ತಂಡದೊಳಗೆ ಈ ಒಬ್ಬ ವ್ಯಕ್ತಿ ಮಾಡಿದ್ದೇನು ಎಂಬುದು. ಕೈತಪ್ಪಿದ ವ್ಯವಹಾರದ ಪ್ರಶ್ನೆಗೆ ‘ರೇಟು ಹೆಚ್ಚಾಗಿತ್ತು’ ಎಂಬ ಉತ್ತರ ಸಾಲದು. ನಿರ್ಧಾರ ತೆಗೆದುಕೊಳ್ಳುವವರನ್ನು ಭೇಟಿಯಾಗಿದ್ದಿರಾ, ಪ್ರತಿಸ್ಪರ್ಧಿ ಯಾರೆಂದು ಯಾವಾಗ ತಿಳಿಯಿತು, ಮತ್ತೊಮ್ಮೆ ಅಂತಹುದೇ ಗ್ರಾಹಕ ಸಿಕ್ಕಾಗ ಏನನ್ನು ಬದಲಿಸಿದಿರಿ ಎಂಬಲ್ಲಿಗೆ ಆ ಪ್ರಶ್ನೆ ಹೋಗುತ್ತದೆ.

ಹೆಚ್ಚು ಜನ ಎಡವುವುದು ಮೂರನೆಯ ಹಂತದಲ್ಲಿ, ಮಾಕ್ ಕಾಲ್ ಅಥವಾ ರೋಲ್ ಪ್ಲೇ ಎನ್ನುವ ನಟನೆಯ ಸುತ್ತಿನಲ್ಲಿ. ಸಂದರ್ಶಕ ಗ್ರಾಹಕನಾಗುತ್ತಾನೆ, ಅಭ್ಯರ್ಥಿ ಮಾರಾಟಗಾರ. ಇದನ್ನು ಅರ್ಥಮಾಡಿಕೊಳ್ಳಲು ನಮಗೆ ಗೊತ್ತಿರುವ ಗ್ರಾಹಕನನ್ನೇ ಕಲ್ಪಿಸಿಕೊಳ್ಳೋಣ: ಕಲಬುರಗಿಯ ಕಪನೂರ ಕೈಗಾರಿಕಾ ಪ್ರದೇಶದಲ್ಲಿರುವ ಒಂದು ದಾಲ್ ಮಿಲ್. ಮಾರಬೇಕಾದದ್ದು ದಾಸ್ತಾನು ಮತ್ತು ಬಿಲ್ಲಿಂಗ್ ನೋಡಿಕೊಳ್ಳುವ, ವರ್ಷಕ್ಕಿಷ್ಟು ಎಂದು ಹಣ ಕಟ್ಟುವ ಸಾಫ್ಟ್‌ವೇರ್. ತಯಾರಿ ಇಲ್ಲದ ಅಭ್ಯರ್ಥಿ ನಮಸ್ಕಾರ ಹೇಳಿದ ಕೂಡಲೇ ತನ್ನ ಸಾಫ್ಟ್‌ವೇರ್ ಮೊಬೈಲಿನಲ್ಲೂ ತೆರೆಯುತ್ತದೆ, ಎಲ್ಲ ರಿಪೋರ್ಟ್‌ಗಳೂ ಒಂದೇ ಕಡೆ ಸಿಗುತ್ತವೆ, ಡೇಟಾ ಸುರಕ್ಷಿತ ಎಂದು ಮೂರು ನಿಮಿಷ ಬಿಡದೆ ಹೇಳುತ್ತಾನೆ. ಸಂದರ್ಶಕ ಸುಮ್ಮನೆ ಕೇಳಿ, ‘ನಮ್ಮಲ್ಲಿ ಈಗಾಗಲೇ ಒಂದು ಇದೆ, ಸಾಕು’ ಎನ್ನುತ್ತಾನೆ. ಅಲ್ಲಿಗೆ ಮಾತು ಮುಗಿಯುತ್ತದೆ.

ತಯಾರಿ ಇರುವ ಅಭ್ಯರ್ಥಿ ತನ್ನ ಪರಿಚಯವನ್ನು ಎರಡು ವಾಕ್ಯಗಳಲ್ಲಿ ಮುಗಿಸಿ ಕೇಳಲು ತೊಡಗುತ್ತಾನೆ. ಡಿಸೆಂಬರ್‌ನಿಂದ ಫೆಬ್ರವರಿಯವರೆಗೆ ಹೊಸ ತೊಗರಿಯ ಆವಕ ಹೆಚ್ಚಿರುವಾಗ ಗಂಜಿನಿಂದ, ಅಂದರೆ ಕೃಷಿ ಮಾರುಕಟ್ಟೆಯಿಂದ, ಬರುವ ಮಾಲಿನ ಲೆಕ್ಕ ಯಾರು ಬರೆಯುತ್ತಾರೆ? ಎಷ್ಟು ಕ್ವಿಂಟಲ್ ತೊಗರಿಗೆ ಎಷ್ಟು ಬೇಳೆ, ಎಷ್ಟು ನುಚ್ಚು, ಎಷ್ಟು ಹೊಟ್ಟು ಬಂತು ಎಂಬುದು ಮಾಲೀಕರಿಗೆ ಅದೇ ದಿನ ತಿಳಿಯುತ್ತದೆಯೋ, ತಿಂಗಳ ಕೊನೆಗೋ? 2022ರ ಜುಲೈ 18ರಿಂದ 25 ಕಿಲೋವರೆಗಿನ ಲೇಬಲ್ ಹಾಕಿದ ಬೇಳೆಯ ಪ್ಯಾಕಿಗೆ ಶೇ 5 ಜಿಎಸ್‌ಟಿ ಬಂದ ಮೇಲೆ, ತೆರಿಗೆ ಇರುವ ಮಾಲು ಮತ್ತು ಇಲ್ಲದ ಮಾಲಿನ ಬಿಲ್ಲುಗಳನ್ನು ಹೇಗೆ ಬೇರೆ ಮಾಡುತ್ತೀರಿ? ಅದರಲ್ಲಿ ತಪ್ಪಾದಾಗ ಹೊರಗಿನ ಖರೀದಿದಾರರಿಂದ ಹಣ ಬರುವುದು ಎಷ್ಟು ದಿನ ತಡವಾಗುತ್ತದೆ? ಇಂತಹ ನಾಲ್ಕು ಪ್ರಶ್ನೆಗಳ ನಂತರ ಗ್ರಾಹಕ ತನ್ನ ತೊಂದರೆಯನ್ನು ತಾನೇ ಹೇಳಲಾರಂಭಿಸುತ್ತಾನೆ, ಅಭ್ಯರ್ಥಿ ಆ ತೊಂದರೆಗೆ ಸಂಬಂಧಿಸಿದ ಒಂದೇ ಒಂದು ಸೌಲಭ್ಯವನ್ನು ಹೇಳಿ ನಿಲ್ಲಿಸಬೇಕು. ‘ಈಗಾಗಲೇ ಒಂದು ಇದೆ’ ಎಂಬ ಮಾತು ಬಂದಾಗ ಅದನ್ನು ತಳ್ಳಿಹಾಕದೆ, ಅದರಲ್ಲಿ ನಿಮಗೆ ಹಿಡಿಸಿದ್ದೇನು, ಕೈಯಿಂದ ಮಾಡಬೇಕಾದ ಕೆಲಸ ಇನ್ನೂ ಏನು ಉಳಿದಿದೆ ಎಂದು ಕೇಳಿದರೆ ಮಾತು ಮುಂದುವರಿಯುತ್ತದೆ. ಕೊನೆಗೆ ಮುಂದಿನ ಹೆಜ್ಜೆಯನ್ನು ದಿನದ ಸಮೇತ ಗೊತ್ತುಮಾಡಬೇಕು: ಮಂಗಳವಾರ ಹನ್ನೊಂದಕ್ಕೆ, ನಿಮ್ಮ ಮುನೀಮರನ್ನೂ ಕೂಡಿಸಿಕೊಂಡು, ನಿಮ್ಮದೇ ಹಳೆಯ ಒಂದು ವಾರದ ಬಿಲ್ಲುಗಳ ಮೇಲೆ ಡೆಮೊ. ‘ವಿಚಾರ ಮಾಡಿ ತಿಳಿಸಿ’ ಎಂದು ಮುಗಿಸಿದ ಕರೆಯನ್ನು ಸಂದರ್ಶಕರು ಅಪೂರ್ಣವೆಂದೇ ಎಣಿಸುತ್ತಾರೆ.

ಈ ಪ್ರಶ್ನೆಗಳ ಹಿಂದೆ ಕಂಪನಿಗಳು ಬಳಸುವ ಚೌಕಟ್ಟುಗಳಿವೆ. ಐಬಿಎಂನಿಂದ ಬಂದ ಬ್ಯಾಂಟ್ ಎಂಬುದು ಬಜೆಟ್, ಅಧಿಕಾರ, ಅಗತ್ಯ, ಸಮಯ ಎಂಬ ನಾಲ್ಕನ್ನು ವಿಚಾರಿಸುತ್ತದೆ. 1990ರ ದಶಕದಲ್ಲಿ ಅಮೆರಿಕದ ಪಿಟಿಸಿ ಕಂಪನಿಯಲ್ಲಿ ರೂಪುಗೊಂಡ ಮೆಡಿಕ್ ಎಂಬುದು ಇನ್ನೂ ಆಳಕ್ಕೆ ಹೋಗಿ, ಲಾಭವನ್ನು ಅಂಕಿಯಲ್ಲಿ ಹೇಳಬಹುದೇ, ಹಣಕ್ಕೆ ಒಪ್ಪಿಗೆ ಕೊಡುವವರು ಯಾರು, ಯಾವ ಮಾನದಂಡದ ಮೇಲೆ ಮತ್ತು ಯಾವ ಕ್ರಮದಲ್ಲಿ ನಿರ್ಧಾರವಾಗುತ್ತದೆ, ನಿಜವಾದ ನೋವು ಯಾವುದು, ಒಳಗಿನಿಂದ ನಮ್ಮ ಪರ ಮಾತಾಡುವವರು ಯಾರು ಎಂದು ಕೇಳುತ್ತದೆ. ಹೆಸರು ದೊಡ್ಡದಾದರೂ ಸಂಗತಿ ಪರಿಚಿತವೇ. ದಾಲ್ ಮಿಲ್ಲಿನಲ್ಲಿ ಹೊಸ ಸಾಫ್ಟ್‌ವೇರ್ ಬೇಕೆಂದು ಉತ್ಸಾಹ ತೋರಿಸುವವನು ಬಿಕಾಂ ಮುಗಿಸಿ ಬಂದ ಮಗ, ಅದರಿಂದ ಕೆಲಸ ಹೋದೀತೆಂದು ಅಂಜುವವರು ಹಳೆಯ ಮುನೀಮರು, ಚೆಕ್ಕಿಗೆ ಸಹಿ ಹಾಕುವವರು ಎಲ್ಲಿಯೂ ಕಾಣಿಸಿಕೊಳ್ಳದ ದೊಡ್ಡಪ್ಪ. ಮಗನೊಬ್ಬನನ್ನೇ ಒಪ್ಪಿಸಿ ವ್ಯವಹಾರ ಮುಗಿಯಿತೆಂದು ತಿಳಿದರೆ ಆಗುವುದೇನೆಂದು ಗಂಜಿನಲ್ಲಿ ಅಡತಿ ವ್ಯವಹಾರ ನೋಡಿದವರಿಗೆ ಯಾರೂ ಕಲಿಸಬೇಕಾಗಿಲ್ಲ.

ಈ ಸುತ್ತಿನಲ್ಲಿ ಅಭ್ಯರ್ಥಿಗಳಿಗೆ ಅಷ್ಟಾಗಿ ಗೊತ್ತಿರದ ಇನ್ನೊಂದು ಭಾಗವಿದೆ. ನಟನೆ ಮುಗಿದ ಮೇಲೆ ಸಂದರ್ಶಕ ಎರಡು ತಪ್ಪುಗಳನ್ನು ತೋರಿಸಿ, ಅದೇ ಕರೆಯನ್ನು ಇನ್ನೊಮ್ಮೆ ಮಾಡಿ ಎಂದು ಹೇಳಬಹುದು. ಆಗ ಅನೇಕರು ತಾವು ಅನುತ್ತೀರ್ಣರಾದೆವು ಎಂದು ಕುಗ್ಗುತ್ತಾರೆ, ಕೆಲವರು ತಮ್ಮ ಮೊದಲ ಪ್ರಯತ್ನವನ್ನು ಸಮರ್ಥಿಸಿಕೊಳ್ಳಲು ತೊಡಗುತ್ತಾರೆ. ವಾಸ್ತವದಲ್ಲಿ ಅಳತೆಯಾಗುತ್ತಿರುವುದು ಎರಡನೆಯ ಪ್ರಯತ್ನ: ಹೇಳಿಕೊಟ್ಟದ್ದನ್ನು ಈ ವ್ಯಕ್ತಿ ಐದು ನಿಮಿಷದೊಳಗೆ ಅಳವಡಿಸಿಕೊಳ್ಳಬಲ್ಲನೇ ಎಂಬುದು. ಅನುಭವವಿಲ್ಲದ ಹೊಸಬರಿಗೆ ಇದಕ್ಕಿಂತ ದೊಡ್ಡ ಅವಕಾಶ ಈ ಇಡೀ ಪ್ರಕ್ರಿಯೆಯಲ್ಲಿ ಇನ್ನೊಂದಿಲ್ಲ ಎಂದು ನಾನು ನಂಬುತ್ತೇನೆ.

ಹಿರಿಯ ಹುದ್ದೆಗಳಿಗೆ ಇದರ ನಂತರ ಮೂರು ನಾಲ್ಕು ಜನರ ಮುಂದೆ ಪ್ರೆಸೆಂಟೇಶನ್ ಇರುತ್ತದೆ. ಒಂದು ಕಲ್ಪಿತ ಗ್ರಾಹಕ ಸಂಸ್ಥೆಯ ವಿವರ ಕೊಟ್ಟು ಅಲ್ಲಿ ಹೇಗೆ ಮಾರುತ್ತೀರಿ ಎಂದೋ, ಮೊದಲ 90 ದಿನಗಳಲ್ಲಿ ಏನು ಮಾಡುತ್ತೀರಿ ಎಂದೋ ಕೇಳುತ್ತಾರೆ. ಹೆಚ್ಚು ಸ್ಲೈಡುಗಳನ್ನು ಮಾಡಿದವರಿಗಿಂತ, ಸಮಯಕ್ಕೆ ಸರಿಯಾಗಿ ಮುಗಿಸಿ, ನಡುವೆ ಅಡ್ಡಬಂದ ಪ್ರಶ್ನೆಗೆ ನಿಂತು ಉತ್ತರಿಸಿದವರು ಇಲ್ಲಿ ಮುಂದೆ ಹೋಗುತ್ತಾರೆ.

ಭಾಷೆಯ ವಿಷಯಕ್ಕೆ ಬರುತ್ತೇನೆ. ಇಂಗ್ಲಿಷಿನ ಉಚ್ಚಾರಣೆಯ ಬಗ್ಗೆ ನಮ್ಮವರಿಗಿರುವ ಭಯ ಅದರ ನಿಜವಾದ ತೂಕಕ್ಕಿಂತ ದೊಡ್ಡದು. ಅಮೆರಿಕ ಅಥವಾ ಯುರೋಪಿನ ಗ್ರಾಹಕರನ್ನು ನೋಡಿಕೊಳ್ಳುವ ತಂಡವಾದರೆ ನಿರರ್ಗಳ ಇಂಗ್ಲಿಷ್ ಬೇಕೇ ಬೇಕು, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಭಾರತದೊಳಗಿನ ಮಧ್ಯಮ ಮತ್ತು ಸಣ್ಣ ಉದ್ದಿಮೆಗಳಿಗೆ ಮಾರುವ ತಂಡಗಳಲ್ಲಿ ಗ್ರಾಹಕ ನಾಗಪುರದವನೋ ವಾರಂಗಲ್‌ನವನೋ ಆಗಿರುತ್ತಾನೆ. ಕನ್ನಡದ ಜೊತೆಗೆ ದಖನಿ ಉರ್ದು, ಮರಾಠಿ, ತೆಲುಗನ್ನು ಓಣಿಯಲ್ಲೇ ಕಲಿತ ಬೀದರ್, ಭಾಲ್ಕಿ, ಬಸವಕಲ್ಯಾಣದ ಅಭ್ಯರ್ಥಿ ಈ ನಾಲ್ಕು ಭಾಷೆಗಳನ್ನು ರೆಸ್ಯೂಮೆಯ ಕೊನೆಯ ಸಾಲಿನಲ್ಲಿ ಅಡಗಿಸುತ್ತಾನೆ. ಅದು ಮೊದಲ ಪುಟದ ಮೇಲ್ಭಾಗದಲ್ಲಿರಬೇಕಾದ ವಿಷಯ. ಇನ್ನೊಂದು ಸ್ಪಷ್ಟನೆಯೂ ಅಗತ್ಯ: 98ನೇ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 371(ಜೆ) ವಿಧಿಯಡಿ ಕಲ್ಯಾಣ ಕರ್ನಾಟಕದವರಿಗೆ ಸಿಗುವ ಮೀಸಲಾತಿ ರಾಜ್ಯ ಸರ್ಕಾರದ ಹುದ್ದೆಗಳಿಗೆ ಮತ್ತು ಶಿಕ್ಷಣಕ್ಕೆ ಸಂಬಂಧಿಸಿದ್ದು, ಖಾಸಗಿ ಕಂಪನಿಗಳಿಗೆ ಅದು ಅನ್ವಯಿಸುವುದಿಲ್ಲ. ಆ ಪ್ರಮಾಣಪತ್ರವನ್ನು ಇಲ್ಲಿ ಲಗತ್ತಿಸಿ ಕಾಯುವುದರಿಂದ ಪ್ರಯೋಜನವಿಲ್ಲ.

ಅಭ್ಯರ್ಥಿಗಳನ್ನು ಎಲ್ಲಕ್ಕಿಂತ ಹೆಚ್ಚು ನೋಯಿಸುವುದು ಸುತ್ತುಗಳಲ್ಲ, ಅವುಗಳ ನಡುವಿನ ಮೌನ. ಎರಡು ಸುತ್ತು ಚೆನ್ನಾಗಿ ಆಗಿರುತ್ತವೆ, ಮುಂದಿನ ವಾರ ಕರೆಯುತ್ತೇವೆ ಎಂದಿರುತ್ತಾರೆ, ಮೂರು ವಾರವಾದರೂ ಸುದ್ದಿ ಇರುವುದಿಲ್ಲ. ಇದಕ್ಕೆ ಕಾರಣ ಅನೇಕ ಸಲ ಕಂಪನಿಯ ಲೆಕ್ಕಪತ್ರದ ವರ್ಷದಲ್ಲಿರುತ್ತದೆ. ಮೈಕ್ರೋಸಾಫ್ಟ್‌ನ ಆರ್ಥಿಕ ವರ್ಷ ಜೂನ್ 30ಕ್ಕೆ, ಒರಾಕಲ್‌ನದು ಮೇ 31ಕ್ಕೆ, ಸೇಲ್ಸ್‌ಫೋರ್ಸ್‌ನದು ಜನವರಿ 31ಕ್ಕೆ, ಎಸ್‌ಎಪಿಯದು ಡಿಸೆಂಬರ್ 31ಕ್ಕೆ ಮುಗಿಯುತ್ತದೆ. ನಮ್ಮ ಮಾರ್ಚ್ 31ರ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಪ್ರತಿ ತ್ರೈಮಾಸಿಕದ ಕೊನೆಯ ವಾರಗಳಲ್ಲಿ ಸೇಲ್ಸ್ ಮ್ಯಾನೇಜರ್ ತನ್ನ ಬಾಕಿ ವ್ಯವಹಾರಗಳನ್ನು ಮುಗಿಸುವ ಓಟದಲ್ಲಿರುತ್ತಾನೆ, ಸಂದರ್ಶನಗಳು ಮುಂದಕ್ಕೆ ಹೋಗುತ್ತವೆ. ವರ್ಷದ ಕೊನೆಯಲ್ಲಿ ಹೊಸ ವರ್ಷದ ಹುದ್ದೆಗಳ ಸಂಖ್ಯೆ ಮಂಜೂರಾಗುವವರೆಗೆ ಎಲ್ಲವೂ ನಿಲ್ಲುತ್ತದೆ. ಕೆಲವೊಮ್ಮೆ ಒಳಗಿನ ನೌಕರನೊಬ್ಬ ಅದೇ ಹುದ್ದೆಗೆ ಬರುತ್ತಾನೆ, ಕೆಲವೊಮ್ಮೆ ಹುದ್ದೆಯೇ ರದ್ದಾಗುತ್ತದೆ. ಇವುಗಳಲ್ಲಿ ಯಾವುದೂ ಅಭ್ಯರ್ಥಿಯ ಯೋಗ್ಯತೆಯ ತೀರ್ಪಲ್ಲ. ಹಾಗೆಂದು ಕಂಪನಿಗಳ ನಡವಳಿಕೆಯನ್ನು ನಾನು ಒಪ್ಪುವುದಿಲ್ಲ: ನಾಲ್ಕು ಸುತ್ತು ಕೂಡಿಸಿಕೊಂಡ ಮೇಲೆ ಎರಡು ಸಾಲಿನ ಉತ್ತರ ಕೊಡುವುದು ಕನಿಷ್ಠ ಮರ್ಯಾದೆ. ಅದು ಸಿಗದಿದ್ದಾಗ, ವಾರದ ಬಳಿಕ ಒಮ್ಮೆ, ಇನ್ನೆರಡು ವಾರದ ಬಳಿಕ ಒಮ್ಮೆ ಸೌಜನ್ಯದಿಂದ ವಿಚಾರಿಸಿ, ಬೇರೆ ಕಡೆಯ ಪ್ರಯತ್ನವನ್ನು ನಿಲ್ಲಿಸದೆ ಮುಂದುವರಿಸುವುದು ಸರಿ. ಹಾಗೆಯೇ, ಭದ್ರತಾ ಠೇವಣಿ, ಲ್ಯಾಪ್‌ಟಾಪ್ ಶುಲ್ಕ, ತರಬೇತಿ ಶುಲ್ಕ ಎಂದು ಯಾರಾದರೂ ಹಣ ಕೇಳಿದರೆ ಅದು ಮೋಸವೆಂದೇ ತಿಳಿಯಬೇಕು.

ಆಫರ್ ಬಂದಾಗ ಓದಬೇಕಾದದ್ದು ಮೇಲಿನ ದೊಡ್ಡ ಅಂಕಿಯಲ್ಲ. ಸೇಲ್ಸ್ ಸಂಬಳದಲ್ಲಿ ಎರಡು ಭಾಗಗಳಿರುತ್ತವೆ: ನಿಶ್ಚಿತ ಸಂಬಳ ಮತ್ತು ಟಾರ್ಗೆಟ್ ಮುಟ್ಟಿದರೆ ಸಿಗುವ ಇನ್ಸೆಂಟಿವ್. ಎರಡೂ ಕೂಡಿದ ಮೊತ್ತ ವರ್ಷಕ್ಕೆ 12 ಲಕ್ಷ, ಹಂಚಿಕೆ 60:40 ಎಂದಿದ್ದರೆ ನಿಶ್ಚಿತವಾದದ್ದು 7.2 ಲಕ್ಷ ಮಾತ್ರ. ತಿಂಗಳಿಗೆ ಒಂದು ಲಕ್ಷವೆಂದು ಮನೆಯಲ್ಲಿ ಹೇಳಿದವನ ಕೈಗೆ, ಪಿಎಫ್ ಮತ್ತು ತೆರಿಗೆ ಕಳೆಯುವ ಮೊದಲೇ, 60 ಸಾವಿರದ ಲೆಕ್ಕ ಬರುತ್ತದೆ. ಹೈದರಾಬಾದಿನಲ್ಲಿ ಮನೆ ಬಾಡಿಗೆ ಕಟ್ಟಿ ಊರಿಗೂ ಹಣ ಕಳಿಸಬೇಕಾದವರು ಖರ್ಚನ್ನು ನಿಶ್ಚಿತ ಭಾಗದ ಮೇಲೆಯೇ ಹಾಕಿಕೊಳ್ಳಬೇಕು. ಇನ್ಸೆಂಟಿವ್ ತಿಂಗಳಿಗೊಮ್ಮೆಯೋ ತ್ರೈಮಾಸಿಕಕ್ಕೊಮ್ಮೆಯೋ, ಕೆಲಸ ಕಲಿಯುವ ಮೊದಲ ತಿಂಗಳುಗಳಲ್ಲಿ ಟಾರ್ಗೆಟ್ ಕಡಿಮೆ ಇರುತ್ತದೆಯೋ ಇಲ್ಲವೋ, ಟಾರ್ಗೆಟ್ ದಾಟಿದ ಮೇಲೆ ದರ ಏರುತ್ತದೆಯೋ, ಗ್ರಾಹಕ ನಡುವೆಯೇ ಬಿಟ್ಟುಹೋದರೆ ಕೊಟ್ಟ ಇನ್ಸೆಂಟಿವ್ ಹಿಂದಕ್ಕೆ ಪಡೆಯುತ್ತಾರೆಯೋ ಎಂಬುದನ್ನು ಬರವಣಿಗೆಯಲ್ಲಿ ಕೇಳಿ ಪಡೆಯಬೇಕು.

ಸಹಿ ಮಾಡುವ ಮೊದಲು ಮ್ಯಾನೇಜರ್‌ಗೆ ಕೇಳಲೇಬೇಕಾದ ಎರಡು ಪ್ರಶ್ನೆಗಳಿವೆ: ಕಳೆದ ವರ್ಷ ನಿಮ್ಮ ತಂಡದಲ್ಲಿ ಎಷ್ಟು ಜನರು ಟಾರ್ಗೆಟ್ ಮುಟ್ಟಿದರು, ಮತ್ತು ಈ ಪ್ರದೇಶವನ್ನು ನನಗಿಂತ ಮೊದಲು ನೋಡಿಕೊಳ್ಳುತ್ತಿದ್ದವರು ಈಗ ಎಲ್ಲಿದ್ದಾರೆ? ಹತ್ತರಲ್ಲಿ ಇಷ್ಟು ಜನ ಎಂದು ನೇರ ಉತ್ತರ ಬಂದರೆ, ಅಂಕಿ ಕಡಿಮೆ ಇದ್ದರೂ, ಲೆಕ್ಕ ಹಾಕಿ ನಿರ್ಧರಿಸಬಹುದು. ಉತ್ತರ ‘ನಮ್ಮಲ್ಲಿ ಶ್ರಮಪಟ್ಟವರೆಲ್ಲ ಮುಟ್ಟುತ್ತಾರೆ’ ಎಂದಾದರೆ, ಆಫರ್‌ನಲ್ಲಿರುವ ಇನ್ಸೆಂಟಿವ್ ಭಾಗವನ್ನು ಸೊನ್ನೆ ಎಂದಿಟ್ಟುಕೊಂಡು, ಉಳಿದ ಹಣಕ್ಕೆ ಈ ಕೆಲಸ ಒಪ್ಪಿಗೆಯೇ ಎಂದು ಮತ್ತೆ ಯೋಚಿಸಬೇಕು.